4-4-2, 4-3-3, 3-5-2: ನಿಮ್ಮ ತಂಡಕ್ಕೆ ಯಾವ ಫಾರ್ಮೇಶನ್ ಹೊಂದುತ್ತದೆ?

ಫುಟ್‌ಬಾಲ್‌ನಲ್ಲಿ ಫಾರ್ಮೇಶನ್, ಅಂದರೆ ಆಟಗಾರರನ್ನು ಮೈದಾನದಲ್ಲಿ ನಿಲ್ಲಿಸುವ ಕ್ರಮದ ವಿಷಯ ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಯಾವುದು ಬೆಸ್ಟ್? ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ದಡ ಸೇರುವುದಿಲ್ಲ. 4-4-2 ಆಡಿದವರೂ ಕಪ್ ಗೆದ್ದಿದ್ದಾರೆ, 3-5-2 ಆಡಿದವರೂ ಗೆದ್ದಿದ್ದಾರೆ. 2012ರ ಯೂರೋ ಫೈನಲ್‌ನಲ್ಲಿ ಸ್ಪೇನ್ ಒಬ್ಬ ಸ್ಟ್ರೈಕರ್‌ನನ್ನೂ (ಗೋಲು ಹೊಡೆಯಲೆಂದೇ ಮುಂದೆ ನಿಲ್ಲುವ ಆಟಗಾರ) ಆರಂಭದಲ್ಲಿ ಇಳಿಸದೆ ಇಟಲಿಯನ್ನು 4-0 ಅಂತರದಲ್ಲಿ ಸೋಲಿಸಿತು. ಕೇಳಬೇಕಾದ ಪ್ರಶ್ನೆ ಬೇರೆ: ಮೈದಾನದ ಯಾವ ಜಾಗವನ್ನು ಎದುರಾಳಿಗೆ ಬಿಟ್ಟುಕೊಟ್ಟರೂ ನಿಮ್ಮ ತಂಡ ತಡೆದುಕೊಳ್ಳುತ್ತದೆ?

ಲೆಕ್ಕ ಹಾಕಿ ನೋಡಿ. ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಗೋಲ್‌ಕೀಪರ್ ಬಿಟ್ಟರೆ ಉಳಿಯುವವರು ಹತ್ತು ಜನ. ಹಿಂದೆ ನಾಲ್ವರನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬೊಬ್ಬರ ಪಾಲಿಗೆ 17 ಮೀಟರ್ ಅಗಲ ಬರುತ್ತದೆ. ಐವರಾದರೆ 13-14 ಮೀಟರ್. ಮೂವರೇ ಆದರೆ ಹತ್ತಿರ ಹತ್ತಿರ 23 ಮೀಟರ್. ಹಿಂದೆ ಒಬ್ಬರನ್ನು ಸೇರಿಸಿದರೆ ಮುಂದೆ ಎಲ್ಲೋ ಒಬ್ಬರು ಕಡಿಮೆಯಾಗುತ್ತಾರೆ. ಹಾಗಾಗಿ ಎಲ್ಲ ಫಾರ್ಮೇಶನ್‌ನಲ್ಲೂ ಒಂದು ತೂತು ಇದ್ದೇ ಇರುತ್ತದೆ. ಅದು ಎಲ್ಲಿರಬೇಕು ಅನ್ನುವುದನ್ನು ಮಾತ್ರ ನೀವು ತೀರ್ಮಾನಿಸಬಹುದು.

ಹೊಸಬರಿಗೆ ಒಂದು ಮಾತು. ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. 4-3-3 ಅಂದರೆ ನಾಲ್ವರು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್. ಗೋಲ್‌ಕೀಪರ್ ಲೆಕ್ಕಕ್ಕಿಲ್ಲ.

4-4-2: ಕಲಿಸಲು ಸುಲಭ, ನಡುವೆ ಬಡವ

ಎರಡು ಸಾಲು, ಸಾಲಿಗೆ ನಾಲ್ವರು, ಮುಂದೆ ಇಬ್ಬರು ಸ್ಟ್ರೈಕರ್. ಯಾರ ಜಾಗ ಯಾವುದು ಅನ್ನುವುದು ಮೊದಲ ದಿನವೇ ಅರ್ಥವಾಗುತ್ತದೆ. ಎರಡೂ ಬದಿಯಲ್ಲಿ ಇಬ್ಬಿಬ್ಬರು ಇರುವುದರಿಂದ ಫುಲ್‌ಬ್ಯಾಕ್ (ಹಿಂದಿನ ಸಾಲಿನ ಬದಿಯ ಡಿಫೆಂಡರ್) ಒಬ್ಬನೇ ಸಿಕ್ಕಿಬೀಳುವುದು ಕಡಿಮೆ. ಚೆಂಡು ಕಿತ್ತುಕೊಂಡ ಕೂಡಲೇ ಮುಂದೆ ಓಡಲು ಇಬ್ಬರು ತಯಾರಾಗಿರುತ್ತಾರೆ.

ಇದನ್ನು ಹೇಗೆ ಆಡಬೇಕು ಎಂದು ತೋರಿಸಿದವರು ಕೋಚ್ ಅರಿಗೊ ಸಾಕ್ಕಿ. ಅವರ ಎಸಿ ಮಿಲಾನ್ 1989ರಲ್ಲಿ ಸ್ಟೆವಾ ಬುಕಾರೆಸ್ಟ್ ತಂಡವನ್ನು 4-0 ಸೋಲಿಸಿ ಯೂರೋಪಿಯನ್ ಕಪ್ ಗೆದ್ದಿತು, 1990ರಲ್ಲಿ ಅದನ್ನು ಉಳಿಸಿಕೊಂಡಿತು. ಅವರ ತಂಡದ ಸಾಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತಿದ್ದವು. ಒಬ್ಬ ಮುಂದೆ ಹೋದರೆ ಎಲ್ಲರೂ ಮುಂದೆ, ಒಬ್ಬ ಎಡಕ್ಕೆ ಸರಿದರೆ ಎಲ್ಲರೂ ಎಡಕ್ಕೆ. 4-4-2ರ ಜೀವ ಇರುವುದೇ ಈ ಸರಿದಾಟದಲ್ಲಿ. ಸಾಲುಗಳ ನಡುವೆ 20 ಮೀಟರ್ ಅಂತರ ಬಿದ್ದರೆ ಕಥೆ ಮುಗಿಯಿತು.

ಯಾಕೆ ಅಂತ ಕೇಳುತ್ತೀರಾ? ನಡುವೆ ನಿಮಗಿರುವುದು ಇಬ್ಬರೇ ಮಿಡ್‌ಫೀಲ್ಡರ್. ಎದುರಾಳಿ 4-3-3 ಆಡಿದರೆ ಅವರ ಕಡೆ ಮೂವರು. ನಿಮ್ಮ ಇಬ್ಬರು ಅವರ ಇಬ್ಬರನ್ನು ಹಿಡಿದುಕೊಂಡರೂ ಮೂರನೆಯವನು ಆರಾಮಾಗಿ ತಿರುಗಿ ಪಾಸ್ ಕೊಡುತ್ತಾನೆ. ಅವನನ್ನು ಹಿಡಿಯಲು ನಿಮ್ಮವನೊಬ್ಬ ಹೋದರೆ ಅವನು ಬಿಟ್ಟು ಬಂದ ಆಟಗಾರ ಫ್ರೀ. ಹತ್ತು ನಿಮಿಷ ಹೀಗೆ ಓಡಿಸಿದರೆ ನಿಮ್ಮ ಇಬ್ಬರ ಉಸಿರು ಮೇಲಕ್ಕೆ ಬರುತ್ತದೆ, ಚೆಂಡು ಮಾತ್ರ ಸಿಗುವುದಿಲ್ಲ.

ಹಾಗಾದರೆ 2015-16ರಲ್ಲಿ ಲೆಸ್ಟರ್ ಸಿಟಿ ಇದೇ 4-4-2 ಹಿಡಿದು 81 ಅಂಕ ಗಳಿಸಿ ಪ್ರೀಮಿಯರ್ ಲೀಗ್ ಗೆದ್ದದ್ದು ಹೇಗೆ? ಕೋಚ್ ಕ್ಲಾಡಿಯೊ ರಾನಿಯೇರಿ ಅವರ ಹತ್ತಿರ ಈ ತೂತು ಮುಚ್ಚುವ ಇಬ್ಬರು ಇದ್ದರು. ಮಧ್ಯದಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದ ಎನ್ಗೊಲೊ ಕಾಂಟೆ. ಮುಂದೆ, ಚೆಂಡು ಹೋದ ಕೂಡಲೇ ಹಿಂದಕ್ಕೆ ಓಡಿ ಬಂದು ಮೂರನೇ ಮಿಡ್‌ಫೀಲ್ಡರ್ ಆಗುತ್ತಿದ್ದ ಶಿಂಜಿ ಒಕಾಜಾಕಿ. ಗೋಲು ಹೊಡೆದ ಜೇಮಿ ವಾರ್ಡಿ ಮತ್ತು ರಿಯಾದ್ ಮಹ್ರೆಜ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಫಾರ್ಮೇಶನ್ ಕುಸಿಯದಂತೆ ಹಿಡಿದು ನಿಲ್ಲಿಸಿದ್ದು ಒಕಾಜಾಕಿಯ ಓಟ ಅಂತ ನನಗೆ ಅನಿಸುತ್ತದೆ.

ನಿಮ್ಮಲ್ಲಿ ದಣಿವರಿಯದ ಇಬ್ಬರು ಮಿಡ್‌ಫೀಲ್ಡರ್, ಹಿಂದಕ್ಕೆ ಬರಲು ಬೇಸರಪಡದ ಒಬ್ಬ ಸ್ಟ್ರೈಕರ್ ಇದ್ದರೆ 4-4-2 ಆಡಿ. ವಾರಕ್ಕೆ ಒಂದೆರಡು ದಿನ ಮಾತ್ರ ಪ್ರಾಕ್ಟೀಸ್ ಸಿಗುವ ಹೊಸ ತಂಡಕ್ಕೂ ನಾನು ಇದನ್ನೇ ಮೊದಲು ಹೇಳುತ್ತೇನೆ.

ಡೈಮಂಡ್, ಮತ್ತು ಒಂದು ರಾತ್ರಿಯ ಪಾಠ

ನಡುವೆ ಇಬ್ಬರೇ ಅನ್ನುವ ಕೊರತೆ ನೀಗಿಸಲು ನಾಲ್ವರು ಮಿಡ್‌ಫೀಲ್ಡರ್‌ಗಳನ್ನು ವಜ್ರದ ಆಕಾರದಲ್ಲಿ ನಿಲ್ಲಿಸುವುದುಂಟು. ಹಿಂದೆ ಒಬ್ಬ, ಆಚೀಚೆ ಇಬ್ಬರು, ಸ್ಟ್ರೈಕರ್‌ಗಳ ಬೆನ್ನಿಗೆ ಒಬ್ಬ. ಮಧ್ಯದಲ್ಲಿ ನಿಮ್ಮದೇ ರಾಜ್ಯ. ಬದಿಗಳಲ್ಲಿ ಮಾತ್ರ ಫುಲ್‌ಬ್ಯಾಕ್ ಬಿಟ್ಟರೆ ಯಾರೂ ಇಲ್ಲ.

2005ರಲ್ಲಿ ಇಸ್ತಾನ್‌ಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಇದರ ಎರಡೂ ಮುಖ ತೋರಿಸಿತು. ಮಿಲಾನ್ ಡೈಮಂಡ್‌ನಲ್ಲಿ ಇಳಿದಿತ್ತು. ಹಿಂದೆ ಪಿರ್ಲೊ, ಆಚೀಚೆ ಗಟ್ಟೂಸೊ ಮತ್ತು ಸೀಡಾರ್ಫ್, ತುದಿಯಲ್ಲಿ ಕಾಕಾ. ಲಿವರ್‌ಪೂಲ್‌ನ ಸಾಲುಗಳ ನಡುವೆ ಕಾಕಾ ಚೆಂಡು ಪಡೆದು ತಿರುಗುತ್ತಿದ್ದರೆ ಹಿಡಿಯುವವರೇ ಇರಲಿಲ್ಲ. ವಿರಾಮದ ಹೊತ್ತಿಗೆ ಮಿಲಾನ್ 3-0 ಮುಂದಿತ್ತು. ಆಗ ಲಿವರ್‌ಪೂಲ್ ಕೋಚ್ ರಾಫಾ ಬೆನಿಟೆಝ್ ಫುಲ್‌ಬ್ಯಾಕ್ ಫಿನ್ನನ್‌ರನ್ನು ತೆಗೆದು ಹಮಾನ್‌ರನ್ನು ಇಳಿಸಿದರು. ಹಿಂದೆ ಮೂವರಾದರು. ಕಾಕಾ ಆಡುತ್ತಿದ್ದ ಜಾಗದಲ್ಲಿ ಹಮಾನ್ ನಿಂತರು. ಜೆರಾರ್ಡ್ ಮುಂದೆ ಹೋಗಲು ಬಿಡುಗಡೆ ಸಿಕ್ಕಿತು.

54ನೇ ನಿಮಿಷದ ಗೋಲನ್ನು ಇನ್ನೊಮ್ಮೆ ನೋಡಿ. ಚೆಂಡು ಎಡ ಬದಿಯಲ್ಲಿ ರೀಸೆ ಕಾಲಿಗೆ ಬರುತ್ತದೆ. ಮೊದಲ ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಹಾಕುವ ಚೆಂಡು) ಎದುರಾಳಿಗೆ ಬಡಿದು ರೀಸೆಗೇ ವಾಪಸ್ ಬರುತ್ತದೆ. ಎರಡನೇ ಸಲ ಹಾಕಿದ ಕ್ರಾಸ್‌ಗೆ ಜೆರಾರ್ಡ್ ತಲೆ ಕೊಡುತ್ತಾರೆ. ಡೈಮಂಡ್ ಬಿಟ್ಟುಕೊಡುವ ಜಾಗ ಅದೇ, ಬದಿ. ಆರು ನಿಮಿಷದೊಳಗೆ ಸ್ಕೋರ್ 3-3 ಆಯಿತು, ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆದ್ದಿತು. ಒಬ್ಬ ಆಟಗಾರನ ಬದಲಾವಣೆಯಿಂದ ಎರಡು ಸಮಸ್ಯೆ ಒಟ್ಟಿಗೆ ಬಗೆಹರಿದವು.

4-3-3: ತ್ರಿಕೋನಗಳ ಆಟ

ಚೆಂಡು ನಿಮ್ಮ ಹತ್ತಿರವೇ ಇರಬೇಕು ಅನ್ನುವ ಆಸೆ ಇದ್ದರೆ ಇದಕ್ಕಿಂತ ಸಹಜವಾದ ವ್ಯವಸ್ಥೆ ಇಲ್ಲ. ಯಾರ ಕಾಲಲ್ಲಿ ಚೆಂಡಿದ್ದರೂ ಸುತ್ತ ಇಬ್ಬರಾದರೂ ಪಾಸ್‌ಗೆ ಸಿಗುತ್ತಾರೆ. ಇಬ್ಬರು ವಿಂಗರ್‌ಗಳು (ಮುಂದಿನ ಸಾಲಿನ ಬದಿಯ ಆಟಗಾರರು) ಗೆರೆಗೆ ಅಂಟಿಕೊಂಡು ನಿಂತರೆ ಎದುರಾಳಿ ಡಿಫೆನ್ಸ್ ಅಗಲವಾಗಿ ಹಿಗ್ಗಲೇಬೇಕು. ಪ್ರೆಸ್ ಮಾಡಲೂ, ಅಂದರೆ ಎದುರಾಳಿಯ ಮೇಲೆ ಬಿದ್ದು ಚೆಂಡು ಕಿತ್ತುಕೊಳ್ಳಲೂ ಅನುಕೂಲ. ಎದುರಾಳಿಯ ಹಿಂದಿನ ಸಾಲಿನ ಮೇಲೆ ಒಮ್ಮೆಲೇ ಮೂವರು ಬೀಳಬಹುದು.

ಇಡೀ ವ್ಯವಸ್ಥೆ ನಿಂತಿರುವುದು ಮೂವರಲ್ಲಿ ಹಿಂದೆ ನಿಲ್ಲುವ ಮಿಡ್‌ಫೀಲ್ಡರ್ ಮೇಲೆ. 2004-05ರಲ್ಲಿ ಕೋಚ್ ಮೊರಿನ್ಯೊ ಅವರ ಚೆಲ್ಸೀಯಲ್ಲಿ ಆ ಜಾಗದಲ್ಲಿದ್ದವರು ಮಕೆಲೆಲೆ. ಆ ತಂಡ 38 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 15 ಗೋಲು ಮಾತ್ರ. ಎದುರಾಳಿಗಳು ಬಹಳಷ್ಟು ಸಲ 4-4-2 ಆಡುತ್ತಿದ್ದ ಕಾಲ ಅದು. ಎರಡು ಸಾಲುಗಳ ನಡುವೆ ಮಕೆಲೆಲೆಯನ್ನು ಹಿಡಿಯಲು ಯಾರೂ ಇರುತ್ತಿರಲಿಲ್ಲ.

ಇನ್ನು ತೂತು. ಫುಲ್‌ಬ್ಯಾಕ್‌ಗಳು ಮುಂದೆ ಹೋಗದಿದ್ದರೆ 4-3-3 ಮೊಂಡಾಗುತ್ತದೆ, ಹೋದರೆ ಅವರ ಬೆನ್ನ ಹಿಂದೆ ಬಯಲು. 2018-19ರ ಲಿವರ್‌ಪೂಲ್‌ನಲ್ಲಿ ಫುಲ್‌ಬ್ಯಾಕ್‌ಗಳಾದ ಅಲೆಕ್ಸಾಂಡರ್-ಅರ್ನಾಲ್ಡ್ 12, ರಾಬರ್ಟ್‌ಸನ್ 11 ಲೀಗ್ ಗೋಲುಗಳಿಗೆ ಅಸಿಸ್ಟ್ (ಗೋಲಿಗೆ ಮುಂಚಿನ ಪಾಸ್) ಕೊಟ್ಟರು. ಅಷ್ಟು ಮುಂದೆ ಹೋಗಲು ಧೈರ್ಯ ಬಂದದ್ದು ಎಲ್ಲಿಂದ? ಮಿಡ್‌ಫೀಲ್ಡ್‌ನ ಮೂವರು ಸೃಷ್ಟಿಶೀಲತೆಯ ಹೆಸರು ಬಿಟ್ಟು ಆ ಬಯಲು ಕಾಯುವ ಕೆಲಸ ಒಪ್ಪಿಕೊಂಡಿದ್ದರು. ಹಿಂದೆ ಡಿಫೆಂಡರ್ ವ್ಯಾನ್ ಡೈಕ್ ಇದ್ದರು. ಇವೆರಡೂ ಇಲ್ಲದ ತಂಡ ಆ ಆಟವನ್ನು ನಕಲು ಮಾಡಿದರೆ ವಾರ ವಾರವೂ ಕೌಂಟರ್ ಅಟ್ಯಾಕ್‌ಗೆ (ಚೆಂಡು ಕಿತ್ತುಕೊಂಡ ಕೂಡಲೇ ಎದುರಾಳಿ ಮಾಡುವ ವೇಗದ ದಾಳಿ) ಸಿಕ್ಕಿಬೀಳುತ್ತದೆ.

ನಿಮ್ಮ ವಿಂಗರ್‌ಗಳು ಹಿಂದಕ್ಕೆ ಓಡಿ ಬರುತ್ತಾರಾ? 4-3-3 ಬೇಕು ಅನ್ನುವ ಮುಂಚೆ ಇದಕ್ಕೆ ಪ್ರಾಮಾಣಿಕ ಉತ್ತರ ಕೊಟ್ಟುಕೊಳ್ಳಿ. ಬಂದರೆ ಚೆಂಡಿಲ್ಲದಾಗ ಇದು ಗಟ್ಟಿಮುಟ್ಟಾದ 4-5-1. ಬರದಿದ್ದರೆ ಏಳು ಜನರ ಡಿಫೆನ್ಸ್, ಅಷ್ಟೇ.

4-2-3-1: ಮಧ್ಯದ ದಾರಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಇದು ಹೆಚ್ಚು ಕಡಿಮೆ 4-4-2 ಮತ್ತು 4-3-3ರ ನಡುವಿನ ರಾಜಿ. ಡಿಫೆನ್ಸ್ ಮುಂದೆ ಇಬ್ಬರು ಕಾವಲಿಗೆ, ಅವರ ಮುಂದೆ ನಂಬರ್ 10, ಅಂದರೆ ಸ್ಟ್ರೈಕರ್ ಬೆನ್ನಿಗೆ ಆಡುವವನು. ಎರಡು ಸಾಲುಗಳ ನಡುವೆ ಆಡಬಲ್ಲ ಒಳ್ಳೆಯ ಆಟಗಾರ ನಿಮ್ಮಲ್ಲಿದ್ದರೆ ಅವನಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಆ ಆಟಗಾರ ಡಿಫೆನ್ಸ್ ಮಾಡದಿದ್ದರೆ ಅಥವಾ ಮುಂದಿನ ಸ್ಟ್ರೈಕರ್ ಒಂಟಿಯಾಗಿ ಚೆಂಡು ಹಿಡಿದು ನಿಲ್ಲಲು ಆಗದಿದ್ದರೆ ತಂಡ ಎರಡು ತುಂಡಾಗುತ್ತದೆ.

2018ರ ವಿಶ್ವಕಪ್ ಗೆದ್ದ ಫ್ರಾನ್ಸ್ ಇದನ್ನು ಜಾಣತನದಿಂದ ಓರೆಯಾಗಿಸಿತ್ತು. ಬಲಕ್ಕೆ ಎಂಬಾಪೆ, ಎಡಕ್ಕೆ ವಿಂಗರ್ ಬದಲು ಮಿಡ್‌ಫೀಲ್ಡರ್ ಮಟುಯಿಡಿ. ಕಾಗದದ ಮೇಲೆ 4-2-3-1, ಆಟದಲ್ಲಿ ನಡುವೆ ಮೂವರು. ಸ್ಟ್ರೈಕರ್ ಜಿರೂ ಇಡೀ ಟೂರ್ನಿಯಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಆದರೂ ಅವರನ್ನು ಬಿಡಲಿಲ್ಲ, ಏಕೆಂದರೆ ಚೆಂಡು ಹಿಡಿದು ಗ್ರೀಜ್‌ಮನ್ ಮತ್ತು ಎಂಬಾಪೆಗೆ ಜಾಗ ಮಾಡಿಕೊಡುವುದು ಅವರ ಕೆಲಸವಾಗಿತ್ತು.

ಹಿಂದೆ ಮೂವರು: 3-5-2 ಮತ್ತು 3-4-3

ಹಿಂದೆ ಮೂವರು ಅಂದರೆ ಡಿಫೆನ್ಸ್ ಕಡಿಮೆ ಅಂತ ತಿಳಿಯಬೇಡಿ. ಚೆಂಡಿಲ್ಲದಾಗ ಎರಡೂ ಬದಿಯಲ್ಲಿ ಆಡುವ ಇಬ್ಬರು ವಿಂಗ್‌ಬ್ಯಾಕ್‌ಗಳು ಇಳಿದು ಐವರ ಸಾಲಾಗುತ್ತದೆ. ಚೆಂಡಿದ್ದಾಗ ಅವರೇ ವಿಂಗರ್‌ಗಳು. ಎದುರಾಳಿಗೆ ಇಬ್ಬರು ಸ್ಟ್ರೈಕರ್ ಇದ್ದರೆ ನಿಮ್ಮ ಮೂವರಲ್ಲಿ ಒಬ್ಬ ಯಾವಾಗಲೂ ಖಾಲಿ. ಅವನು ಬಿದ್ದ ಚೆಂಡು ಎತ್ತಬಹುದು, ಚೆಂಡು ಹಿಡಿದು ಮುಂದೆ ನಡೆಯಬಹುದು. 1986ರಲ್ಲಿ ಅರ್ಜೆಂಟೀನಾದ ಕೋಚ್ ಬಿಲಾರ್ಡೊ 3-5-2 ಆಡಿಸಿ ವಿಶ್ವಕಪ್ ಗೆದ್ದದ್ದು ಈ ಯೋಚನೆಯ ಮೇಲೆಯೇ. ವಿಂಗರ್‌ಗಳೇ ಕಡಿಮೆಯಾದ ಕಾಲದಲ್ಲಿ ಫುಲ್‌ಬ್ಯಾಕ್ ಯಾಕೆ, ಅಲ್ವಾ?

ಇದಕ್ಕೆ ತಕ್ಕ ಆಟಗಾರ ನಿಮ್ಮ ಬೆಂಚಿನಲ್ಲೇ ಕೂತಿರಬಹುದು. ಸೆಪ್ಟೆಂಬರ್ 2016ರಲ್ಲಿ ಕೋಚ್ ಆಂಟೋನಿಯೊ ಕೊಂಟೆ ಅವರ ಚೆಲ್ಸೀ ಆರ್ಸೆನಲ್ ಎದುರು 3-0 ಸೋತಿತು. ಆ ಪಂದ್ಯದ ದ್ವಿತೀಯಾರ್ಧದಲ್ಲೇ ಅವರು ಹಿಂದೆ ಮೂವರಿಗೆ ಬದಲಾಯಿಸಿದ್ದರು. ಮುಂದಿನ ಪಂದ್ಯದಿಂದ ಅದೇ 3-4-3 ಖಾಯಂ ಆಯಿತು. ಅಲ್ಲಿಂದ ಸತತ 13 ಲೀಗ್ ಗೆಲುವು, ಕೊನೆಗೆ 93 ಅಂಕಗಳೊಂದಿಗೆ ಪ್ರಶಸ್ತಿ. ಬಲ ವಿಂಗ್‌ಬ್ಯಾಕ್ ಆದ ವಿಕ್ಟರ್ ಮೋಸಸ್ ಮೂಲತಃ ವಿಂಗರ್. ಅದಕ್ಕೂ ಹಿಂದಿನ ಮೂರು ಸೀಸನ್ ಬೇರೆ ಬೇರೆ ತಂಡಗಳಿಗೆ ಲೋನ್ ಮೇಲೆ ಹೋಗಿದ್ದವರು. ಮೂವರ ಸಾಲಿನ ಬಲಗಡೆಗೆ ಬಂದ ಅಜ್‌ಪಿಲಿಕ್ವೆಟಾ ಮೂಲತಃ ಫುಲ್‌ಬ್ಯಾಕ್. ಹೊಸ ಜಾಗದಲ್ಲಿ ಇಬ್ಬರಿಗೂ ಅವರ ಆಟ ಸಿಕ್ಕಿತು.

ತೂತು ಇರುವುದು ಎರಡು ಕಡೆ. ಒಂದು, ಮೂವರು ಸೆಂಟರ್ ಬ್ಯಾಕ್‌ಗಳಲ್ಲಿ (ಗೋಲಿನ ಮುಂದೆ ನಿಲ್ಲುವ ಡಿಫೆಂಡರ್‌ಗಳು) ಹೊರಗಿನವನ ಪಕ್ಕ. ವಿಂಗ್‌ಬ್ಯಾಕ್ ಮುಂದೆ ಹೋಗಿದ್ದಾಗ ಚೆಂಡು ಕಳೆದರೆ ಆ ಮೂಲೆಗೆ ವೇಗದ ವಿಂಗರ್ ನುಗ್ಗುತ್ತಾನೆ. ಎರಡು, 3-5-2ರಲ್ಲಿ ಬದಿಗೆ ಇರುವುದು ಒಬ್ಬನೇ. ಎದುರಾಳಿ ವಿಂಗರ್ ಮತ್ತು ಫುಲ್‌ಬ್ಯಾಕ್ ಇಬ್ಬರೂ ಅವನ ಮೇಲೆ ಬಿದ್ದರೆ ಅವನು ಹಿಂದೆಯೇ ಉಳಿಯಬೇಕಾಗುತ್ತದೆ. ಆಗ ನಿಮ್ಮ 3-5-2 ಸುಮ್ನೆ 5-3-2 ಆಗಿ, ಚೆಂಡು ಒದ್ದು ಹೊರಗೆ ಹಾಕಿದಷ್ಟೂ ವಾಪಸ್ ಬರುತ್ತದೆ.

ಕೋಚ್ ಜಾಬಿ ಅಲೊನ್ಸೊ ಅವರ ಲೆವರ್‌ಕುಸೆನ್ 2023-24ರಲ್ಲಿ ಜರ್ಮನಿಯ ಲೀಗ್ ಆದ ಹಿಂದೆ ಮೂವರನ್ನಿಟ್ಟು ಬುಂಡೆಸ್‌ಲೀಗಾದ 34 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ವಿಂಗ್‌ಬ್ಯಾಕ್‌ಗಳಾದ ಗ್ರಿಮಾಲ್ಡೊ ಮತ್ತು ಫ್ರಿಂಪಾಂಗ್ ಅಟ್ಯಾಕ್‌ನ ಮುಖ್ಯ ಅಸ್ತ್ರವಾಗಿದ್ದರು. ಅದೇ ತಂಡ ಯೂರೋಪಾ ಲೀಗ್ ಫೈನಲ್‌ನಲ್ಲಿ ಅಟಲಾಂಟಾಗೆ 3-0 ಸೋತಿತು. ಅಟಲಾಂಟಾ ಕೂಡ ಹಿಂದೆ ಮೂವರನ್ನಿಟ್ಟು, ಮೈದಾನದ ತುಂಬ ಒಬ್ಬರಿಗೊಬ್ಬರು ಅಂತ ಹಿಡಿದು ಆಡಿತು. ಖಾಲಿ ಆಟಗಾರ ಸಿಗದಿದ್ದಾಗ ಈ ವ್ಯವಸ್ಥೆಯ ಲಾಭ ಹೇಗೆ ಕರಗುತ್ತದೆ ಎಂದು ನೋಡಲು ಆ ಪಂದ್ಯ ಸಾಕು.

90 ನಿಮಿಷ ಗೆರೆಯ ಉದ್ದಕ್ಕೂ ಓಡಬಲ್ಲ ಇಬ್ಬರು ಇಲ್ಲದಿದ್ದರೆ 3-5-2 ಕಡೆ ಹೋಗಲೇಬೇಡಿ. ಉಳಿದದ್ದನ್ನೆಲ್ಲ ಕಲಿಸಬಹುದು, ಶ್ವಾಸಕೋಶ ಕಲಿಸಲು ಆಗುವುದಿಲ್ಲ.

ಅಂಕಿಗಳಾಚೆ: ಆಟದ ನಡುವೆ ಬದಲಾಗುವುದು

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯ. ತಂಡ ಪಂದ್ಯಪೂರ್ತಿ ಒಂದೇ ಆಕಾರದಲ್ಲಿ ಇರುವುದಿಲ್ಲ. 1953ರಲ್ಲಿ ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡ್‌ಗೆ 6-3 ಹೊಡೆದದ್ದೇ ಈ ಗುಟ್ಟಿನಿಂದ. ಸೆಂಟರ್ ಫಾರ್ವರ್ಡ್ ಹಿಡೆಕುಟಿ ಮುಂದೆ ನಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದರು. ಅವರನ್ನು ಕಾಯಬೇಕಿದ್ದ ಹ್ಯಾರಿ ಜಾನ್‌ಸ್ಟನ್ ಹಿಂಬಾಲಿಸಿ ಹೋದರೆ ಹಿಂದೆ ಬಾಗಿಲು ತೆರೆದಂತೆ. ಹೋಗದಿದ್ದರೆ ಹಿಡೆಕುಟಿಗೆ ಬೇಕಾದಷ್ಟು ಹೊತ್ತು. ಹಿಡೆಕುಟಿ ಮೂರು ಗೋಲು ಹೊಡೆದರು.

ಇವತ್ತು ಇದೇ ಯೋಚನೆ ಹಿಂದಿನ ಸಾಲಿಗೆ ಬಂದಿದೆ. 2022-23ರಲ್ಲಿ ಮೂರು ಪ್ರಶಸ್ತಿ ಗೆದ್ದ ಮ್ಯಾಂಚೆಸ್ಟರ್ ಸಿಟಿಯಲ್ಲಿ ಜಾನ್ ಸ್ಟೋನ್ಸ್ ಡಿಫೆಂಡರ್. ಚೆಂಡು ಸಿಕ್ಕಿದ ಕೂಡಲೇ ರಾಡ್ರಿ ಪಕ್ಕಕ್ಕೆ ಹೋಗಿ ಮಿಡ್‌ಫೀಲ್ಡರ್ ಆಗುತ್ತಿದ್ದರು. ಚೆಂಡಿಲ್ಲದಾಗ ಹಿಂದೆ ನಾಲ್ವರು, ಇದ್ದಾಗ 3-2-4-1. ಗಮನಿಸಿ: ಆಕಾರ ಪೂರ್ತಿ ಬದಲಾದರೂ ಕೆಲಸ ಮುಖ್ಯವಾಗಿ ಬದಲಾಗುತ್ತಿದ್ದದ್ದು ಒಬ್ಬನದು. ನನ್ನ ಮಟ್ಟಿಗೆ ಇಡೀ ವಿಷಯದ ಸಾರ ಇಲ್ಲಿದೆ. ಒಬ್ಬನನ್ನು ಸರಿಸಿದರೆ ಉಳಿದ ಒಂಬತ್ತು ಜನರ ಕೆಲಸ ಹೆಚ್ಚು ಕೆಡದಂತಹ ಬದಲಾವಣೆ ಹುಡುಕಬೇಕು. ಐದು ಜನರಿಗೆ ಒಟ್ಟಿಗೆ ಹೊಸ ಜಾಗ ಕೊಟ್ಟರೆ ಮೊದಲ ಹತ್ತು ನಿಮಿಷ ಗೊಂದಲವೇ, ಗೋಲು ಬೀಳುವುದೂ ಆಗಲೇ.

ಅಂತಹ ಸುಲಭದ ಜೋಡಿಗಳಿವೆ. 4-4-2ರಲ್ಲಿ ಒಬ್ಬ ಸ್ಟ್ರೈಕರ್ ಹತ್ತು ಹೆಜ್ಜೆ ಹಿಂದೆ ಬಂದು, ಬದಿಯ ಇಬ್ಬರು ಸ್ವಲ್ಪ ಮುಂದೆ ಹೋದರೆ 4-2-3-1. ಅದರಲ್ಲಿ ಕಾವಲಿನ ಇಬ್ಬರಲ್ಲಿ ಒಬ್ಬನನ್ನು ಮುಂದಕ್ಕೆ ಬಿಟ್ಟರೆ 4-3-3. 3-4-3ರಲ್ಲಿ ಒಬ್ಬ ವಿಂಗರ್ ಒಳಕ್ಕೆ ಇಳಿದರೆ 3-5-2. ಹಿಂದೆ ನಾಲ್ವರಿಂದ ಮೂವರಿಗೆ ಹೋಗುವುದು ಮಾತ್ರ ಕಷ್ಟ, ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಫುಲ್‌ಬ್ಯಾಕ್ ಆಗಿಯೂ ಸೆಂಟರ್ ಬ್ಯಾಕ್ ಆಗಿಯೂ ಆಡಬಲ್ಲ ಒಬ್ಬ ಇದ್ದರೆ ಅವನನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ.

2014ರ ವಿಶ್ವಕಪ್‌ನಲ್ಲಿ ನೆದರ್‌ಲ್ಯಾಂಡ್ಸ್ ಹಿಂದೆ ಐವರನ್ನಿಟ್ಟು ಸ್ಪೇನ್‌ಗೆ 5-1 ಹೊಡೆದಿತ್ತು. ಮೆಕ್ಸಿಕೊ ಎದುರು ಅದೇ ವ್ಯವಸ್ಥೆಯಲ್ಲಿ 1-0 ಹಿಂದೆ ಬಿತ್ತು. ಕೋಚ್ ವ್ಯಾನ್ ಗಾಲ್ 4-3-3ಗೆ ಬದಲಾಯಿಸಿದರು, ನೀರು ಕುಡಿಯುವ ವಿರಾಮವನ್ನೂ ಸೂಚನೆ ಕೊಡಲು ಬಳಸಿಕೊಂಡರು. 88ನೇ ನಿಮಿಷದಲ್ಲಿ ಸ್ನೈಡರ್, ಇಂಜುರಿ ಟೈಮ್‌ನಲ್ಲಿ (90 ನಿಮಿಷದ ಮೇಲೆ ರೆಫ್ರಿ ಸೇರಿಸುವ ಹೊತ್ತು) ಪೆನಾಲ್ಟಿಯಿಂದ ಹಂಟೆಲಾರ್ ಗೋಲು ಹೊಡೆದರು. ವಿಂಗ್‌ಬ್ಯಾಕ್ ಆಗಿ ಇಳಿದಿದ್ದ ಡರ್ಕ್ ಕೌಟ್ ಆ ಪಂದ್ಯ ಮುಗಿಸಿದ್ದು ಮುಂಚೂಣಿಯಲ್ಲಿ. ಅಂತಹ ಒಬ್ಬ ಆಟಗಾರ ತಂಡದಲ್ಲಿದ್ದರೆ ಕೋಚ್‌ಗೆ ಮೂರು ಫಾರ್ಮೇಶನ್ ಕೈಯಲ್ಲಿದ್ದಂತೆ.

2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಕೋಚ್ ಸ್ಕಲೋನಿ ಇನ್ನೂ ಮುಂದೆ ಹೋದರು. ಕ್ವಾರ್ಟರ್ ಫೈನಲ್‌ಗೆ ಹಿಂದೆ ಐವರು, ಸೆಮಿಫೈನಲ್‌ಗೆ 4-4-2, ಫೈನಲ್‌ಗೆ 4-3-3. ಫೈನಲ್‌ನಲ್ಲಿ ಡಿ ಮಾರಿಯಾರನ್ನು ಎಡಕ್ಕೆ ಹಾಕಿದರು. ಆ ಬದಿಯಲ್ಲಿ ಹಿಂದಕ್ಕೆ ಬಂದು ಕಾಯಬೇಕಿದ್ದವರು ಫ್ರಾನ್ಸ್‌ನ ಡೆಂಬೆಲೆ. 23ನೇ ನಿಮಿಷದ ಪೆನಾಲ್ಟಿ ಬಂದದ್ದು ಡಿ ಮಾರಿಯಾರನ್ನು ಡೆಂಬೆಲೆ ಬೀಳಿಸಿದಾಗ. 36ನೇ ನಿಮಿಷದಲ್ಲಿ ಮ್ಯಾಕ್ ಅಲಿಸ್ಟರ್ ಬಲದಿಂದ ಎಡಕ್ಕೆ ಚೆಂಡು ದಾಟಿಸಿದಾಗ ಡಿ ಮಾರಿಯಾ ಒಬ್ಬರೇ ಓಡಿ ಬರುತ್ತಿದ್ದರು, 2-0. ಫ್ರಾನ್ಸ್ ಕೋಚ್ ಡೆಶಾಂಪ್ಸ್ 41ನೇ ನಿಮಿಷದಲ್ಲೇ ಡೆಂಬೆಲೆ ಮತ್ತು ಜಿರೂ ಇಬ್ಬರನ್ನೂ ಹೊರಗೆ ಕರೆದರು.

ಹಾಗಾದರೆ ಆರಿಸುವುದು ಹೇಗೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಇಲ್ಲಿ ಅಕ್ಷರಶಃ ಸರಿ. ಮೊದಲು ನಿಮ್ಮ ಮೂವರು ಅತ್ಯುತ್ತಮ ಆಟಗಾರರು ಯಾರು ನೋಡಿ, ಅವರಿಗೆ ಇಷ್ಟದ ಜಾಗ ಸಿಗುವ ಫಾರ್ಮೇಶನ್ ತೆಗೆದುಕೊಳ್ಳಿ. ಆಮೇಲೆ ಅದರ ತೂತು ಎಲ್ಲಿ ಬರುತ್ತದೆ ಅಂತ ಗುರುತಿಸಿ, ಅದನ್ನು ಕಾಯಬಲ್ಲ ಆಟಗಾರ ನಿಮ್ಮಲ್ಲಿದ್ದಾನಾ ನೋಡಿ. ಇಲ್ಲದಿದ್ದರೆ ಫಾರ್ಮೇಶನ್ ಬದಲಿಸಿ. ಸೆಂಟರ್ ಬ್ಯಾಕ್‌ಗಳು ನಿಧಾನ ಇದ್ದಾರೆ ಅಂದರೆ ಗೋಲಿನಿಂದ ದೂರ ಮುಂದಕ್ಕೆ ಬಂದು ನಿಲ್ಲುವ ಡಿಫೆನ್ಸ್ ಸಾಲು, ಜೋರು ಪ್ರೆಸ್ ಎರಡನ್ನೂ ಮರೆತುಬಿಡಿ. ಆಗ ಹಿಂದೆ ನಿಂತು ಆಡುವ 4-4-2 ಅಥವಾ 5-4-1 ವಾಸಿ. ಗೋಲ್‌ಕೀಪರ್‌ಗೆ ಕಾಲಲ್ಲಿ ಪಾಸ್ ಕೊಡಲು ಬಾರದಿದ್ದರೆ ಹಿಂದಿನಿಂದ ಕಟ್ಟುವ ಆಟಕ್ಕೆ ಆತುರ ಬೇಡ.

ಪಂದ್ಯ ಶುರುವಾದ ಮೇಲೆ ಚೆಂಡನ್ನು ಬಿಟ್ಟು ಐದು ನಿಮಿಷ ಒಂದೇ ವಿಷಯ ನೋಡಿ. ಎದುರಾಳಿಯ ಡಿಫೆಂಡರ್ ಹತ್ತಿರ ಚೆಂಡಿದ್ದಾಗ ಅವರ ಯಾವ ಆಟಗಾರ ಒಬ್ಬನೇ ನಿಂತಿದ್ದಾನೆ? ಮಿಡ್‌ಫೀಲ್ಡರ್ ಆದರೆ ನಿಮ್ಮ ಸ್ಟ್ರೈಕರ್‌ಗಳಲ್ಲಿ ಒಬ್ಬನನ್ನು ಅವನ ಮೇಲೆ ಇಳಿಸಿ. ಫುಲ್‌ಬ್ಯಾಕ್ ಆದರೆ ನಿಮ್ಮ ವಿಂಗರ್ ನಿಲ್ಲುವ ಜಾಗ ಸರಿಪಡಿಸಿ. ಬಹಳಷ್ಟು ಸಲ ಇಷ್ಟೇ ಸಾಕು, ಫಾರ್ಮೇಶನ್ ಮುಟ್ಟುವುದೇ ಬೇಕಾಗುವುದಿಲ್ಲ.

ಗೆಲ್ಲುತ್ತಿರುವಾಗ ಹಿಂದೆ ಜನ ತುಂಬಿಸುವ ಬಗ್ಗೆ ಒಂದು ಎಚ್ಚರಿಕೆ. 2022ರ ಆ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ 2-0 ಮುಂದಿತ್ತು, ಹಿಂದೆ ಐವರಿದ್ದರು. ನೆದರ್‌ಲ್ಯಾಂಡ್ಸ್ ಎತ್ತರದ ಸ್ಟ್ರೈಕರ್‌ಗಳಾದ ಲೂಕ್ ಡಿ ಯಾಂಗ್ ಮತ್ತು ವೆಗ್‌ಹೋರ್ಸ್ಟ್ ಇಬ್ಬರನ್ನೂ ಇಳಿಸಿ ಚೆಂಡನ್ನು ಪೆನಾಲ್ಟಿ ಬಾಕ್ಸ್‌ಗೆ ಸುರಿಯತೊಡಗಿತು. 83ನೇ ನಿಮಿಷಕ್ಕೆ ಒಂದು, ಇಂಜುರಿ ಟೈಮ್‌ನ ಕೊನೆಯಲ್ಲಿ ಫ್ರೀ ಕಿಕ್‌ನಿಂದ ಇನ್ನೊಂದು, ಎರಡೂ ವೆಗ್‌ಹೋರ್ಸ್ಟ್ ಹೊಡೆದವು. ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಬಚಾವಾಯಿತು. ಬಾಕ್ಸ್ ಒಳಗೆ ಎಷ್ಟು ಜನ ನಿಂತರೂ ಕ್ರಾಸ್ ಹಾಕುವವನಿಗೆ ನೋಡಿ ಹಾಕಲು ಹೊತ್ತು ಸಿಕ್ಕರೆ ಅಪಾಯ ತಪ್ಪುವುದಿಲ್ಲ. ಹಾಗಾಗಿ ಹಿಂದೆ ಒಬ್ಬನನ್ನು ಸೇರಿಸುವುದಾದರೆ ಬದಿಯಲ್ಲಿ ಓಡಿ ಹೋಗಿ ಕ್ರಾಸ್ ತಡೆಯುವವನನ್ನು ಸೇರಿಸಿ. ಮುಂದೆ ವೇಗದ ಒಬ್ಬನನ್ನು ಉಳಿಸಿಕೊಳ್ಳಿ. ಅವನಿದ್ದರೆ ಎದುರಾಳಿಯ ಇಬ್ಬರು ಡಿಫೆಂಡರ್‌ಗಳಾದರೂ ತಮ್ಮ ಅರ್ಧ ಬಿಟ್ಟು ಬರುವ ಮುಂಚೆ ಯೋಚಿಸುತ್ತಾರೆ.